ಎವೆಯಿಕ್ಕುವಷ್ಟರ ಬೆಳಕು

ಪರಸ್ಥಳದಲ್ಲಿ ಸಂಸಾರ ಹೂಡಿದ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಎಲ್ಲಕ್ಕಿಂತ ಬೇಗನೆ ಬೆಳೆಯುವ ಆಸ್ತಿ ಯಾವುದೆಂದು ಕೇಳಿದರೆ, ಫೋಟೋಗಳೆಂದೇ ಹೇಳಬೇಕು. ಬಂಗಾರವಲ್ಲ, ಭೂಮಿಯಂತೂ ಅಲ್ಲವೇ ಅಲ್ಲ. ನಾಮಕರಣವಿರಲಿ, ಜಾವಳವಿರಲಿ, ಮುಂಜಿವೆ ಮದುವೆಗಳಿರಲಿ, ಊರಿನ ಬಳಗವೆಲ್ಲ ಪುಣೆಗೆ ಬರುವುದು ಆಗದ ಮಾತು. ಬಾರದವರಿಗೆ ಫೋಟೋ ಹೋಗಲೇಬೇಕು. ಧನಕವಡಿಯ ಮೂರನೆಯ ಮಜಲೆಯ ಮನೆಯೊಂದರಲ್ಲಿ ತೆಗೆದ ಚಿತ್ರವು ಅರೆಗಳಿಗೆಯಲ್ಲಿ ಗದಗಿನಲ್ಲಿಯೋ ವಿಜಯಪುರದಲ್ಲಿಯೋ ಇರುವ ಅಜ್ಜಿಯ ಕೈ ಸೇರುತ್ತದೆ. ಆಕೆ ಕನ್ನಡಕ ಏರಿಸಿ, ಕೂಸು ಬಡವಾಗಿದೆಯೋ ಮೈ ತುಂಬಿಕೊಂಡಿದೆಯೋ ಎಂದು ಪರೀಕ್ಷಿಸಿ ತೀರ್ಪು ಕೊಡುತ್ತಾಳೆ. ಹೀಗೆ ನಮ್ಮ ಪಾಲಿಗೆ ಫೋಟೋ ಎಂಬುದು ಬರಿಯ ಅಲಂಕಾರದ ವಸ್ತುವಲ್ಲ. ಅದು ಕ್ಷೇಮ ಸಮಾಚಾರದ ಕಾಗದ.

ಆ ಕಾಗದದಲ್ಲಿ ಅಕ್ಷರ ಬರೆಯುವ ಮಸಿಯೆಂದರೆ ಬೆಳಕು. ಹಗಲಿನ ಮಾತು ಬೇರೆ. ಆದರೆ ನಮ್ಮ ಸಮಾರಂಭಗಳೆಲ್ಲ ಕಚೇರಿ, ಕಾರಖಾನೆ ಬಿಟ್ಟ ಮೇಲೆ ಸಂಜೆಗೇ ನಡೆಯತಕ್ಕವು. ಆಗ ಯಾರೋ ಒಬ್ಬರು ಕ್ಯಾಮರಾ ಎತ್ತುತ್ತಾರೆ, ಫಳಕ್ಕನೆ ಮಿಂಚುತ್ತದೆ, ಕೂತವರು ಕಣ್ಣುಜ್ಜಿಕೊಳ್ಳುತ್ತಾರೆ. ಈ ಫ್ಲ್ಯಾಶ್ ಬೆಳಕಿನ ವಿಷಯವಾಗಿಯೇ ನಾಲ್ಕು ಮಾತು ಬರೆಯಬೇಕೆಂದು ಬಹುದಿನದಿಂದ ನಮ್ಮ ಮನಸ್ಸಿನಲ್ಲಿತ್ತು. ನಾವು ಸರಕಾರಿ ಕಚೇರಿಯೊಂದರಲ್ಲಿ ಕಾರಕೂನಿಕೆ ಮಾಡುವವರು. ಛಾಯಾಚಿತ್ರಣ ನಮ್ಮ ವೃತ್ತಿಯಲ್ಲ. ಆದರೂ ಓದಿ, ನೋಡಿ, ತಿಳಿದವರನ್ನು ಕೇಳಿ ನಮಗೆ ಮನದಟ್ಟಾದ ಸಂಗತಿ ಒಂದುಂಟು: ಫ್ಲ್ಯಾಶ್ ಬೆಳಕು ಶೃಂಗಾರ ಮಾಡುವುದರಲ್ಲಿ ಒರಟು, ಸಾಕ್ಷಿ ಹೇಳುವುದರಲ್ಲಿ ಮಾತ್ರ ಬಲು ನಿಷ್ಠುರ. ಈ ಗುಣಭೇದವನ್ನು ಅರಿತು ಬಳಸಿದರೆ ಅದು ನಮಗೆ ದೊಡ್ಡ ಉಪಕಾರಿ.

ಹೊಗೆಯಿಂದ ಹುಟ್ಟಿದ ಮಿಂಚು

ಮೊದಮೊದಲಿಗೆ ಛಾಯಾಚಿತ್ರಕಾರರು ಕತ್ತಲೆಯಲ್ಲಿ ಚಿತ್ರ ತೆಗೆಯಬೇಕಾದರೆ ಮೆಗ್ನೀಸಿಯಂ ಲೋಹದ ತಂತಿಯನ್ನು ಉರಿಸುತ್ತಿದ್ದರು. ಶಾಲೆಯ ಪ್ರಯೋಗಶಾಲೆಯಲ್ಲಿ ಅದು ಕಣ್ಣು ಕೋರೈಸುವಂತೆ ಬೆಳ್ಳಗೆ ಉರಿಯುವುದನ್ನು ಅನೇಕರು ಕಂಡಿರಬಹುದು. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮುಂತಾದವನ್ನು ಬೆರೆಸಿ, ಕಿಡಿ ತಾಕಿದೊಡನೆ ಭಗ್ಗನೆ ಹೊತ್ತಿ ಆರುವ ಪುಡಿಯನ್ನು ಸಿದ್ಧಪಡಿಸಿದರು. ಇದು ಪಟಾಕಿಯ ಮದ್ದಿನ ದಾಯಾದಿಯೇ ಸರಿ. ಬೆಳಕೇನೋ ಬರುತ್ತಿತ್ತು; ಅದರ ಹಿಂದೆಯೇ ಕೋಣೆಯ ತುಂಬ ಬಿಳಿಯ ಹೊಗೆ, ಬೂದಿ, ಕೆಲವೊಮ್ಮೆ ಬೆಂಕಿಯೂ ಬರುತ್ತಿತ್ತು.

ಈ ಪುಡಿಯನ್ನು ಒಂದು ಘನಕಾರ್ಯಕ್ಕೆ ಉಪಯೋಗಿಸಿದವನು ಜೇಕಬ್ ರೀಸ್. ಆತನೂ ನಮ್ಮಂತೆ ವಲಸೆಗಾರನೇ. ಡೆನ್ಮಾರ್ಕಿನಿಂದ 1870ರಲ್ಲಿ ಅಮೇರಿಕೆಗೆ ಹೋಗಿ, ನ್ಯೂಯಾರ್ಕಿನಲ್ಲಿ ಪತ್ರಿಕೆಯ ವರದಿಗಾರನಾಗಿದ್ದನು. ಆ ಪಟ್ಟಣದ ಬಡ ವಲಸೆಗಾರರು ಗಾಳಿಬೆಳಕಿಲ್ಲದ ಖೋಲಿಗಳಲ್ಲಿ, ಒಬ್ಬರ ಮೇಲೊಬ್ಬರೆಂಬಂತೆ ಮಲಗಿ ದಿನ ಕಳೆಯುತ್ತಿದ್ದರು. ಅದನ್ನು ಎಷ್ಟು ಬರೆದರೂ ಉಳ್ಳವರು ನಂಬಲಿಲ್ಲ. ರೀಸನು ಬಾಣಲೆಯಲ್ಲಿ ಮೆಗ್ನೀಸಿಯಂ ಪುಡಿಯನ್ನಿಟ್ಟುಕೊಂಡು, ರಾತ್ರಿ ಹೊತ್ತು ಆ ಖೋಲಿಗಳಿಗೆ ನುಗ್ಗಿ ಚಿತ್ರ ತೆಗೆದನು. ಈ ಸಾಹಸದಲ್ಲಿ ಬೆಂಕಿಯ ಅನಾಹುತಗಳೂ ಆದವು. ಆದರೆ 1890ರಲ್ಲಿ ಆತನ ಪುಸ್ತಕ ಹೊರಬಿದ್ದಾಗ ಉಳ್ಳವರು ಬೆಚ್ಚಿದರು. ಚಿತ್ರಗಳು ಚೆಲುವಾಗಿರಲಿಲ್ಲ, ಅದರಲ್ಲಿನ ಮುಖಗಳು ಬೆದರಿದ್ದವು, ಗೋಡೆಗಳು ಕೊಳಕಾಗಿದ್ದವು. ಸುಳ್ಳೆನ್ನುವುದು ಮಾತ್ರ ಸಾಧ್ಯವಿರಲಿಲ್ಲ. ಫ್ಲ್ಯಾಶ್ ಬೆಳಕು ಹುಟ್ಟಿದ ಮೂರೇ ವರ್ಷಕ್ಕೆ ಅದರ ನಿಜವಾದ ಉದ್ಯೋಗ ಗೊತ್ತಾಗಿಹೋಯಿತು.

ಮುಂದೆ 1930ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ತೆಳುವಾದ ಲೋಹದ ಹಾಳೆಯನ್ನೂ ಆಮ್ಲಜನಕವನ್ನೂ ತುಂಬಿದ ಫ್ಲ್ಯಾಶ್ ಬಲ್ಬುಗಳು ಬಂದವು. ಹೊಗೆಯ ಕಾಟ ತಪ್ಪಿತು. ಆದರೆ ಒಂದು ಬಲ್ಬಿಗೆ ಒಂದೇ ಚಿತ್ರ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಚಿತ್ರಕಾರ್ತಿ ಹೋಮಾಯಿ ವ್ಯಾರಾವಾಲಾ ಅವರು ದಿಲ್ಲಿಯಲ್ಲಿ ಭಾರವಾದ ಕ್ಯಾಮರಾ ಹೊತ್ತು, ಇಂಥ ಬಲ್ಬುಗಳ ಕಾಲದಲ್ಲಿಯೇ ಸ್ವಾತಂತ್ರ್ಯದ ದಿನಗಳನ್ನು ಚಿತ್ರಿಸಿದರು. ಒಂದೊಂದು ಬಲ್ಬೂ ದುಡ್ಡು. ಆದುದರಿಂದ ಒತ್ತುವ ಮೊದಲು ಯೋಚಿಸುವುದು ಆ ತಲೆಮಾರಿಗೆ ತಾನಾಗಿಯೇ ರೂಢಿಯಾಯಿತು.

ಈಗಿನ ವಿದ್ಯುತ್ ಫ್ಲ್ಯಾಶಿಗೆ ದಾರಿ ಮಾಡಿದವರು ಅಮೇರಿಕೆಯ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್. 1930ರ ದಶಕದಲ್ಲಿ ಅವರು ಅನಿಲ ತುಂಬಿದ ಗಾಜಿನ ಕೊಳವೆಯೊಳಗೆ ವಿದ್ಯುತ್ತನ್ನು ಒಮ್ಮೆಲೆ ಹಾಯಿಸಿ, ಒಂದು ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಮಿಂಚುವ ಬೆಳಕನ್ನು ಸಾಧಿಸಿದರು. ಹಾಲಿನ ಹನಿಯೊಂದು ತಟ್ಟೆಗೆ ಬಿದ್ದೊಡನೆ ಕಿರೀಟದಂತೆ ಎದ್ದುನಿಲ್ಲುವುದನ್ನು ಜನ ಅವರ ಚಿತ್ರಗಳಲ್ಲಿ ಸ್ಪಷ್ಟವಾಗಿ ಕಂಡರು.

ಇದರ ಕೆಲಸವನ್ನು ತಿಳಿಯುವುದು ಪುಣೆಯ ಗೃಹಿಣಿಯರಿಗೆ ಕಷ್ಟವೇನಲ್ಲ. ನಳದಲ್ಲಿ ನೀರು ಸಣ್ಣಗೆ ಬರುತ್ತಿರುವಾಗ ಕೊಡ ತುಂಬಿಸಿಟ್ಟುಕೊಂಡು, ಬೇಕಾದಾಗ ಒಮ್ಮೆಲೆ ಸುರಿಯುವುದಿಲ್ಲವೇ? ಹಾಗೆಯೇ ಫ್ಲ್ಯಾಶಿನೊಳಗೆ ಕೆಪ್ಯಾಸಿಟರ್ ಎಂಬ ವಿದ್ಯುತ್ತಿನ ಕೊಡವಿದೆ. ಬ್ಯಾಟರಿಯು ಅದನ್ನು ಮೆಲ್ಲಗೆ ತುಂಬುತ್ತದೆ. ಗುಂಡಿ ಒತ್ತಿದೊಡನೆ ಅಷ್ಟೂ ಝೆನಾನ್ ಅನಿಲದ ಕೊಳವೆಗೆ ಸುರಿದು ಮಿಂಚಾಗುತ್ತದೆ. ಒಂದು ಚಿತ್ರವಾದ ಮೇಲೆ ಫೋಟೋದವನು ತುಸು ತಡೆಯುವುದು ಕೊಡ ಮತ್ತೆ ತುಂಬಲೆಂದು. ನಮ್ಮ ಮೊಬೈಲಿನ ಬೆನ್ನಿಗೆ ಇರುವುದು ಸಾಮಾನ್ಯವಾಗಿ ಈ ಜಾತಿಯದಲ್ಲ. ಅದು ಎಲ್‌ಇಡಿ ಎಂಬ ಪುಟ್ಟ ದೀಪ. ಅದರ ಬಲ ಕಡಿಮೆ, ಉರಿಯುವ ಹೊತ್ತು ಹೆಚ್ಚು. ಆದುದರಿಂದಲೇ ಓಡಾಡುವ ಮಕ್ಕಳು ಅದರಲ್ಲಿ ಕಲಸಿಹೋದಂತೆ ಕಾಣುವುದು.

ಹತ್ತಿರದವರು ದೆವ್ವ, ದೂರದವರು ಕತ್ತಲು

ಸಂಘದ ಗುಂಪು ಚಿತ್ರ ತೆಗೆದಾಗ ಮುಂದಿನ ಸಾಲಿನ ಹಿರಿಯರು ಸುಣ್ಣ ಬಳಿದಂತೆಯೂ ಹಿಂದಿನ ಸಾಲಿನ ತರುಣರು ಮಸಿಯಲ್ಲಿ ಮುಳುಗಿದಂತೆಯೂ ಕಾಣುವುದುಂಟು. ಇದರಲ್ಲಿ ಯಾರ ಪಕ್ಷಪಾತವೂ ಇಲ್ಲ. ಇದು ಬೆಳಕಿನ ಕಾಯಿದೆ. ದೂರ ಎರಡು ಪಟ್ಟಾದರೆ ಬೀಳುವ ಬೆಳಕು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. 1 ಮೀಟರ್ ದೂರದಲ್ಲಿ ಬೀಳುವ ಬೆಳಕನ್ನು 16 ಆಣೆಯೆಂದು ಎಣಿಸಿದರೆ, 2 ಮೀಟರಿನಲ್ಲಿ ನಿಂತವನಿಗೆ 4 ಆಣೆ, 4 ಮೀಟರಿನಲ್ಲಿ ನಿಂತವನಿಗೆ ಒಂದೇ ಆಣೆ! ಆದುದರಿಂದ ಗುಂಪು ಚಿತ್ರ ತೆಗೆಯುವವನು ತುಸು ಹಿಂದೆ ಸರಿದು, ಸಾಲುಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಗಣಪತಿ ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯಲ್ಲಿ ನಿಂತು, ನೂರಡಿ ಆಚೆಯ ಮೂರ್ತಿಯ ಕಡೆಗೆ ಮೊಬೈಲಿನ ದೀಪ ಮಿಂಚಿಸುವವರನ್ನು ಎಷ್ಟೋ ಮಂದಿಯನ್ನು ನೋಡಿದ್ದೇವೆ. ಆ ಬೆಳಕು ಮುಂದೆ ನಿಂತವರ ಬೋಳುತಲೆಗೆ ತಲುಪುತ್ತದೆಯೇ ಹೊರತು ಗಣಪನಿಗಲ್ಲ.

ಎರಡನೆಯ ಸಂಗತಿ ದಿಕ್ಕಿನದು. ಸೂರ್ಯನ ಬೆಳಕು ಮೇಲಿನಿಂದ ಬರುತ್ತದೆ, ಕಿಟಕಿಯದು ಮಗ್ಗುಲಿನಿಂದ, ಹಣತೆಯದು ಕೆಳಗಿನಿಂದ. ಹಣೆ, ಮೂಗು, ಗಲ್ಲಗಳ ಏರುತಗ್ಗುಗಳಿಗೆ ನೆರಳು ಬೀಳುವುದರಿಂದಲೇ ಮುಖಕ್ಕೆ ಮುಖದ ಲಕ್ಷಣ ಬರುತ್ತದೆ. ಕ್ಯಾಮರಾದ ನೆತ್ತಿಯ ಮೇಲೆಯೇ ಕೂತ ಫ್ಲ್ಯಾಶು ಎದುರಿನಿಂದ ರಾಚಿ ಆ ನೆರಳುಗಳನ್ನೆಲ್ಲ ಅಳಿಸಿಬಿಡುತ್ತದೆ. ಮುಖ ಚಪಾತಿಯಂತೆ ಚಪ್ಪಟೆಯಾಗುತ್ತದೆ, ಹಿಂದಿನ ಗೋಡೆಯ ಮೇಲೆ ಕರಿಯ ನೆರಳು ಅಂಟಿಕೊಳ್ಳುತ್ತದೆ. ಬೆಳಕು ಎಷ್ಟಿದೆ ಎಂಬುದಕ್ಕಿಂತ ಎಲ್ಲಿಂದ ಬರುತ್ತಿದೆ ಎಂಬುದೇ ಮುಖ್ಯ.

ಇದಕ್ಕೆ ಪರಿಹಾರವನ್ನು ನಮ್ಮ ದೇಶದವರೇ ಚಲನಚಿತ್ರದಲ್ಲಿ ತೋರಿಸಿಕೊಟ್ಟಿದ್ದಾರೆ. ಸತ್ಯಜಿತ್ ರಾಯರ ‘ಅಪರಾಜಿತೊ’ 1956ರಲ್ಲಿ ಬಂತು. ಅದಕ್ಕಾಗಿ ಕಾಶಿಯ ಮನೆಯೊಂದರ ಅಂಗಳವನ್ನು ಕಲಕತ್ತೆಯ ಸ್ಟುಡಿಯೋದೊಳಗೆ ಕಟ್ಟಿದ್ದರು. ಮೇಲೆ ತೆರೆದ ಆಕಾಶದಿಂದ ಇಳಿಯುವ ಮೆದುವಾದ ಬೆಳಕು ಬೇಕಿತ್ತು. ಛಾಯಾಗ್ರಾಹಕ ಸುಬ್ರತ ಮಿತ್ರರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಆ ಬಟ್ಟೆಗೆ ಹಾಯಿಸಿ, ಅಲ್ಲಿಂದ ಮರಳಿ ಇಳಿದ ಬೆಳಕಿನಲ್ಲಿ ಚಿತ್ರೀಕರಿಸಿದರು. ನೋಡಿದವರು ಅದು ನಿಜವಾದ ಅಂಗಳವೆಂದೇ ನಂಬಿದರು.

ನಮ್ಮವರೇ ಆದ ವಿ. ಕೆ. ಮೂರ್ತಿಯವರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬದುಕನ್ನು ಅರಸಿ ಮುಂಬಯಿಗೆ ಬಂದ ಕನ್ನಡಿಗರು ಅವರು. ಪುಣೆಯ ಪ್ರಭಾತ್ ಸಂಸ್ಥೆಯಲ್ಲಿ ಚಿತ್ರರಂಗದ ಪಾಠ ಕಲಿತ ಗುರುದತ್ತರ ಚಿತ್ರಗಳಿಗೆ ಅವರು ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲು ತುಂಬಿದ ಸ್ಟುಡಿಯೋದೊಳಗೆ ಒಂದೇ ಬೆಳಕಿನ ಕೋಲು ಇಳಿಯುವ ದೃಶ್ಯವಿದೆ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಅವರು ಅದನ್ನು ಸಾಧಿಸಿದರು. 2008ನೇ ಸಾಲಿನ ದಾದಾಸಾಹೇಬ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು.

ಈ ಪಾಠವನ್ನು ನಮ್ಮ ಹತ್ತಡಿ ಹನ್ನೆರಡಡಿಯ ಹಾಲಿನಲ್ಲಿಯೂ ಆಚರಿಸಬಹುದು. ಕತ್ತು ತಿರುಗಿಸಬಲ್ಲ ಫ್ಲ್ಯಾಶ್ ಇದ್ದರೆ ಅದನ್ನು ಮುಖಕ್ಕೆ ಹಿಡಿಯದೆ ಬಿಳಿಯ ಚಾವಣಿಗೋ ಮಗ್ಗುಲ ಗೋಡೆಗೋ ಹಿಡಿಯಬೇಕು. ಅಲ್ಲಿಗೆ ಹೋಗಿ ಬರುವಷ್ಟರಲ್ಲಿ ಬೆಳಕಿನ ಒರಟುತನವೆಲ್ಲ ಇಳಿದು, ಅದು ಹಬ್ಬದ ಮನೆಯ ಬೆಳಕಾಗುತ್ತದೆ. ಗೋಡೆಗೆ ಹಸಿರು ಬಣ್ಣ ಬಳಿಸಿದವರು ಮಾತ್ರ ಚಾವಣಿಯನ್ನೇ ನೆಚ್ಚಿಕೊಳ್ಳುವುದು ಲೇಸು. ಇಲ್ಲವಾದರೆ ಮದುಮಗಳ ಮುಖಕ್ಕೂ ಹಸಿರು ಬರುತ್ತದೆ. ಮದುವೆಯ ಮಂಟಪದಲ್ಲಿ ಫೋಟೋದವರು ಬಿಳಿಯ ಕೊಡೆ ಬಿಡಿಸಿ ನಿಲ್ಲಿಸುವುದೂ ಇದೇ ಕಾರಣಕ್ಕೆ. ಮೊಬೈಲಿನವರಿಗೆ ಈ ಸೌಕರ್ಯವಿಲ್ಲ. ಅವರು ಫ್ಲ್ಯಾಶನ್ನು ಆರಿಸಿ, ಅಜ್ಜ ಅಜ್ಜಿಯರನ್ನು ಕಿಟಕಿಯ ಬಳಿಗೋ ಟ್ಯೂಬ್‌ಲೈಟಿನ ಹತ್ತಿರಕ್ಕೋ ಕರೆದು ಕೂರಿಸುವುದೇ ಒಳ್ಳೆಯದು.

ಆರತಿಯ ವೇಳೆಯಲ್ಲಂತೂ ಫ್ಲ್ಯಾಶ್ ಬೇಡವೇ ಬೇಡ. ಸೊಡರಿನ ಬೆಳಕು ಮುತ್ತೈದೆಯರ ಮುಖದ ಮೇಲೆ ಆಡುವುದೇ ಆ ಹೊತ್ತಿನ ಸೊಬಗು; ಒಂದು ಮಿಂಚು ಹೊಡೆದರೆ ಜ್ಯೋತಿ ಹಳದಿ ಚುಕ್ಕೆಯಾಗಿ ಉಳಿಯುತ್ತದೆ, ಅಷ್ಟೆ. ಸಂಘದ ಪ್ರವಾಸದಲ್ಲಿ ಅಜಂತಾಕ್ಕೆ ಹೋಗುವವರಿಗೆ ಗುಹೆಗಳೊಳಗೆ ಫ್ಲ್ಯಾಶ್ ನಿಷಿದ್ಧವೆಂಬುದು ತಿಳಿದಿರಲಿ. ಎಷ್ಟೋ ಶತಮಾನಗಳಿಂದ ಉಳಿದುಬಂದ ಬಣ್ಣಗಳ ಮುಂದೆ ನಮ್ಮ ಒಂದು ಚಿತ್ರದ ಆಸೆ ದೊಡ್ಡದಲ್ಲ. ನಮಗೆ ಸಮೀಪವಾದ ಕಾತ್ರಜದ ಪ್ರಾಣಿಸಂಗ್ರಹಾಲಯದಲ್ಲಿ ಗಾಜಿನ ಹಿಂದಿರುವ ಹಾವುಗಳ ಮೇಲೆ ಮಿಂಚಿಸಿದರೂ ಫಲವಿಲ್ಲ; ಗಾಜು ಬೆಳಕನ್ನು ನಮ್ಮ ಮುಖಕ್ಕೇ ವಾಪಸು ಮಾಡುತ್ತದೆ.

ಹೀಗೆಂದ ಮೇಲೆ ಫ್ಲ್ಯಾಶಿನಿಂದ ಉಪಯೋಗವೇ ಇಲ್ಲವೇ ಎಂದು ಓದುಗರು ಕೇಳಬಹುದು. ಉಂಟು. ಅದನ್ನು ಹೇಳಲು ನಾಗರಹೊಳೆಯ ಕಾಡಿಗೆ ಹೋಗಬೇಕು.

ಹುಲಿಗಳ ಹಾಜರಿ ಪುಸ್ತಕ

ಕಾಡಿನಲ್ಲಿ ಹುಲಿಗಳೆಷ್ಟಿವೆ ಎಂದು ಎಣಿಸುವುದು ಹೇಗೆ? ಅವು ಕರೆದಾಗ ಬಂದು ಸಹಿ ಹಾಕುವ ಪ್ರಾಣಿಗಳಲ್ಲ. ಬಹುಕಾಲ ನಮ್ಮ ದೇಶದಲ್ಲಿ ಹೆಜ್ಜೆ ಗುರುತಿನ ಲೆಕ್ಕ ನಡೆಯುತ್ತಿತ್ತು. ಮಣ್ಣಿನಲ್ಲಿ ಮೂಡಿದ ಪಂಜದ ಗುರುತನ್ನು ಗಾಜಿನ ಮೇಲೆ ಬರೆದುಕೊಂಡು, ಇದು ಇಂಥ ಹುಲಿಯದೆಂದು ಅನುಭವಸ್ಥರು ಹೇಳುತ್ತಿದ್ದರು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ. ಲೆಕ್ಕ ಕಾಗದದ ಮೇಲೆ ಅಂದವಾಗಿ ಬೆಳೆಯುತ್ತಿತ್ತು. ಕೊನೆಗೆ 2005ರಲ್ಲಿ ರಾಜಸ್ಥಾನದ ಸರಿಸ್ಕಾ ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂಬುದು ಬಯಲಾದಾಗ ದೇಶವೇ ದಂಗಾಯಿತು.

ಇದಕ್ಕೆ ಬಹಳ ಮೊದಲೇ, 1990ರ ದಶಕದ ಆರಂಭದಲ್ಲಿ, ಕೊಡಗು ಮೈಸೂರುಗಳ ನಡುವಣ ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಬೇರೊಂದು ದಾರಿ ಹಿಡಿದಿದ್ದರು. ಅವರು ಶಿವರಾಮ ಕಾರಂತರ ಪುತ್ರರು. ಓದಿದ್ದು ಎಂಜಿನಿಯರಿಂಗು, ಒಲಿದದ್ದು ವನ್ಯಜೀವಿಗಳಿಗೆ. ಹುಲಿ ನಡೆಯುವ ಹಾದಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ ಒಂದೊಂದು ಕ್ಯಾಮರಾ ಕಟ್ಟಿದರು. ಹಾದಿಗೆ ಅಡ್ಡಲಾಗಿ ಕಣ್ಣಿಗೆ ಕಾಣದ ಕಿರಣವೊಂದು ಹಾಯ್ದಿರುತ್ತದೆ. ಹುಲಿ ಅದನ್ನು ದಾಟಿದೊಡನೆ ಫಳಕ್ಕನೆ ಫ್ಲ್ಯಾಶು ಮಿಂಚಿ ಚಿತ್ರ ಮೂಡುತ್ತದೆ. ಎರಡು ಕ್ಯಾಮರಾ ಏಕೆಂದರೆ ಹುಲಿಯ ಎಡಮೈಯ ಪಟ್ಟೆಗಳು ಬಲಮೈಯ ಪಟ್ಟೆಗಳಂತೆ ಇರುವುದಿಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೂ ಇರುವುದಿಲ್ಲ; ನಮ್ಮ ಹೆಬ್ಬೆಟ್ಟಿನ ಗುರುತಿನಂತೆಯೇ.

ಈ ಉಪಾಯದ ಮೂಲ ಹಳೆಯದು. ಸಂಯುಕ್ತ ಪ್ರಾಂತದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯೂ. ಚಾಂಪಿಯನ್ನರು ಬಂದೂಕು ಬಿಟ್ಟು ಕ್ಯಾಮರಾ ಹಿಡಿದವರು. ಕಾಲಿಗೆ ತೊಡರುವ ತಂತಿ ಕಟ್ಟಿ, ಮೆಗ್ನೀಸಿಯಂ ಪುಡಿ ಹೊತ್ತಿಸಿ, ಹುಲಿಯಿಂದಲೇ ಹುಲಿಯ ಚಿತ್ರ ತೆಗೆಸಿದರು. 1927ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು. ಅವರ ಚಿತ್ರವನ್ನು ಲೆಕ್ಕದ ಶಾಸ್ತ್ರಕ್ಕೆ ಜೋಡಿಸಿದ ಹಿರಿಮೆ ನಾಗರಹೊಳೆಯದು.

ಲೆಕ್ಕದ ಮರ್ಮ ಸರಳ. ಒಂದು ಗಡಿಗೆಯಲ್ಲಿ ಹುಣಿಸೆ ಬೀಜಗಳಿವೆ, ಎಷ್ಟೆಂದು ಗೊತ್ತಿಲ್ಲ. 20 ಬೀಜ ತೆಗೆದು ಸುಣ್ಣದ ಬೊಟ್ಟಿಟ್ಟು ಮರಳಿ ಹಾಕಿ ಚೆನ್ನಾಗಿ ಕಲಸಿರಿ. ಮತ್ತೆ 20 ತೆಗೆಯಿರಿ. ಅದರಲ್ಲಿ 5ಕ್ಕೆ ಬೊಟ್ಟಿದ್ದರೆ, ಬೊಟ್ಟಿನವು ಒಟ್ಟಿನ ಕಾಲುಭಾಗ. ಎಂದರೆ ಗಡಿಗೆಯಲ್ಲಿ ಸುಮಾರು 80 ಬೀಜಗಳಿವೆಯೆಂದಾಯಿತು. ಹುಲಿಗೆ ಬೊಟ್ಟಿಡುವ ಸಾಹಸ ಬೇಡ, ಪಟ್ಟೆಗಳೇ ಬೊಟ್ಟು. ಮೊದಲು ಚಿತ್ರಕ್ಕೆ ಸಿಕ್ಕವುಗಳಲ್ಲಿ ಎಷ್ಟು ಮರಳಿ ಸಿಕ್ಕವು ಎಂಬುದರಿಂದ, ಚಿತ್ರಕ್ಕೆ ಸಿಗದವುಗಳ ಅಂದಾಜೂ ದೊರೆಯುತ್ತದೆ. 1995ರಲ್ಲಿ ಕಾರಂತರು ಈ ಕ್ರಮವನ್ನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ 2006ರಿಂದ ದೇಶದ ಹುಲಿಗಣತಿಯೂ ಹೆಜ್ಜೆಗುರುತನ್ನು ಬಿಟ್ಟು ಕ್ಯಾಮರಾದ ದಾರಿಗೆ ಬಂತು. 2018ರ ಗಣತಿಯಲ್ಲಿ 26,838 ಸ್ಥಳಗಳಲ್ಲಿ ಕ್ಯಾಮರಾ ಇಟ್ಟು ತೆಗೆದ ಚಿತ್ರಗಳು ಮೂರೂವರೆ ಕೋಟಿಗೆ ಸಮೀಪ. ಅದರಲ್ಲಿ ಹುಲಿಗಳ ಚಿತ್ರ 76,651. ಅಷ್ಟೂ ಹುಡುಕಾಟದ ಫಲವಾಗಿ ದೊರೆತ ಅಂದಾಜು 2,967 ಹುಲಿಗಳು. ಕರ್ನಾಟಕದ ಪಾಲು 524. ನಡುರಾತ್ರಿಯ ಆ ಚಿತ್ರಗಳಲ್ಲಿ ಶೃಂಗಾರವೇನೂ ಇರುವುದಿಲ್ಲ. ಆದರೆ ಅವು ನಮ್ಮ ಕಚೇರಿಯ ಹಾಜರಿ ಪುಸ್ತಕಕ್ಕಿಂತಲೂ ಪ್ರಾಮಾಣಿಕವಾದವು.

ಬೆಕ್ಕಿನ ಕಣ್ಣು, ಮಗುವಿನ ಕಣ್ಣು

ರಾತ್ರಿ ತೆಗೆದ ಹುಲಿಯ ಚಿತ್ರಗಳಲ್ಲಿ ಕಣ್ಣು ಕೆಂಡದಂತೆಯೋ ಹಸಿರು ಮಣಿಯಂತೆಯೋ ಹೊಳೆಯುತ್ತದೆ. ಬೆಕ್ಕಿಗೂ ಹಾಗೆಯೇ. ಆ ಪ್ರಾಣಿಗಳ ಕಣ್ಣಿನ ಹಿಂಬದಿಗೆ ಕನ್ನಡಿಯಂಥ ಪದರವಿದ್ದು, ಅದು ಬೆಳಕನ್ನು ಹಿಂದಿರುಗಿಸುತ್ತದೆ. ಮನುಷ್ಯರಿಗೆ ಆ ಕನ್ನಡಿಯಿಲ್ಲ. ಕತ್ತಲೆಯಲ್ಲಿ ಹಿಗ್ಗಿದ ನಮ್ಮ ಪಾಪೆಯೊಳಕ್ಕೆ ಫ್ಲ್ಯಾಶಿನ ಬೆಳಕು ಹೊಕ್ಕರೆ, ಅದು ರಕ್ತನಾಳಗಳು ತುಂಬಿದ ಹಿಂಪದರಕ್ಕೆ ತಾಗಿ ಕೆಂಪಗೆ ಹೊರಬರುತ್ತದೆ. ಫೋಟೋಗಳಲ್ಲಿ ಕಣ್ಣು ಕೆಂಪಾಗಿ ಕಾಣುವುದರ ಗುಟ್ಟು ಇಷ್ಟೆ. ಫ್ಲ್ಯಾಶ್ ಕ್ಯಾಮರಾದ ಕಣ್ಣಿಗೆ ಹತ್ತಿರವಿದ್ದಷ್ಟೂ ಇದು ಹೆಚ್ಚು. ಎಲ್ಲರೂ ಬೈಯುವ ಈ ಕೆಂಪು ವಾಸ್ತವದಲ್ಲಿ ಒಳ್ಳೆಯ ಸುದ್ದಿ: ಬೆಳಕು ಅಡ್ಡಿಯಿಲ್ಲದೆ ಹಿಂಪದರದವರೆಗೆ ಹೋಗಿಬಂತು ಎಂದರ್ಥ.

ಆದರೆ ಮಗುವಿನ ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದು ಬೆಳ್ಳಗೆ, ಇಲ್ಲವೆ ಹಳದಿಯಾಗಿ, ಬೆಕ್ಕಿನ ಕಣ್ಣಿನಂತೆ ಹೊಳೆದರೆ? ಇದನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಅದು ಪೊರೆಯಿರಬಹುದು, ಒಳಪದರದ ಬೇರೆ ದೋಷವಿರಬಹುದು. ಕೆಲವೊಮ್ಮೆ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ಆಗಿರಬಹುದು. ಈ ರೋಗ ಬರುವುದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ. ಸುಮಾರು 15ರಿಂದ 20 ಸಾವಿರ ಕೂಸುಗಳಲ್ಲಿ ಒಂದಕ್ಕೆ ಬರುವಷ್ಟು ವಿರಳ. ಆದರೂ ಭಾರತದಂಥ ದೊಡ್ಡ ದೇಶದಲ್ಲಿ ವರ್ಷಕ್ಕೆ ಸುಮಾರು 1,500 ಮಕ್ಕಳಿಗೆ ತಗಲುತ್ತದೆಂದು ಅಂದಾಜು. ಮೊದಲಿಗೆ ನೋವಿಲ್ಲ, ಜ್ವರವಿಲ್ಲ. ಮಾತು ಬಾರದ ಕೂಸು ತನಗೆ ಕಾಣಿಸುತ್ತಿಲ್ಲವೆಂದು ಹೇಳಲಾರದು. ಬೇಗ ಪತ್ತೆಯಾದರೆ ಬಹುಪಾಲು ಮಕ್ಕಳ ಪ್ರಾಣವನ್ನೂ, ಅನೇಕರ ಕಣ್ಣನ್ನೂ ವೈದ್ಯರು ಉಳಿಸಬಲ್ಲರು. ತಡವಾದಷ್ಟೂ ರೋಗ ಕಣ್ಣಿನಾಚೆಗೆ ಹರಡುತ್ತದೆ.

ಅಮೇರಿಕೆಯ ಬೇಲರ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಬ್ರಯನ್ ಶಾ ಅವರ ಮಗುವಿಗೆ ಈ ರೋಗ ಬಂತು. ಅವರು ಆಮೇಲೆ ಮನೆಯ ಸಾವಿರಾರು ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದರು. ಮಗು 12 ದಿನದ್ದಿರುವಾಗ ತೆಗೆದ ಚಿತ್ರದಲ್ಲಿಯೇ ಬಿಳಿಯ ಹೊಳಪು ಇತ್ತು! ವೈದ್ಯರು ಪತ್ತೆಹಚ್ಚುವುದಕ್ಕಿಂತ ತಿಂಗಳುಗಳ ಮೊದಲೇ ಫೋಟೋ ಸಾಕ್ಷಿ ಹೇಳಿತ್ತು; ಕೇಳುವವರಿರಲಿಲ್ಲ. ಆ ತಂದೆ ದುಃಖಿಸುತ್ತ ಕೂರದೆ, 2013ರಲ್ಲಿ ಈ ಸಂಗತಿಯನ್ನು ಪ್ರಕಟಿಸಿ, ಫೋಟೋಗಳಲ್ಲಿ ಬಿಳಿಯ ಹೊಳಪನ್ನು ಹುಡುಕುವ ಮೊಬೈಲ್ ಸಾಧನವನ್ನು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದರು.

ನಮ್ಮ ನೆರೆಮನೆಯಲ್ಲಿ ನಡೆದುದನ್ನೂ ಹೇಳುತ್ತೇವೆ. ಅವರು ಗದಗಿನ ಕಡೆಯವರು; ಎಂಟು ತಿಂಗಳ ಹೆಣ್ಣುಮಗು. ತೊಟ್ಟಿಲ ಬಳಿ ರಾತ್ರಿ ತೆಗೆದ ಫೋಟೋ ಊರಿಗೆ ಹೋಯಿತು. ಮರುದಿನ ಬೆಳಗಿನಲ್ಲಿಯೇ ಅಜ್ಜಿಯ ಫೋನು: “ಯವ್ವಾ, ಕೂಸಿನ ಒಂದ ಕಣ್ಣು ಬೆಕ್ಕಿನ ಕಣ್ಣಿನಂಗ ಯಾಕ ಹೊಳೀತೈತಿ? ಡಾಕ್ಟರಿಗೆ ತೋರಿಸ್ಕೊಂಡ ಬರ್ರಿ.” ಸೊಸೆ, “ಅತ್ತಿ, ಅದು ಫ್ಲ್ಯಾಶಿನ ಬೆಳಕು ಬಿಡ್ರಿ” ಅಂದಳು. ಅಜ್ಜಿ ಬಿಡಲಿಲ್ಲ. ಮಗ ಅರ್ಧ ದಿನದ ರಜೆ ಹಾಕಿ ಮಗುವನ್ನು ಕರೆದೊಯ್ದನು. ಕಣ್ಣಿನ ವೈದ್ಯರು ಹನಿ ಹಾಕಿ ಪಾಪೆ ಹಿಗ್ಗಿಸಿ ಎರಡೂ ಕಣ್ಣು ನೋಡಿದರು. ದೋಷವೇನೂ ಇರಲಿಲ್ಲ. ಮಗು ಓರೆಯಾಗಿ ನೋಡಿದಾಗ ಬೆಳಕು ಕಣ್ಣಿನ ನರ ಹೊರಡುವ ಬಿಳಿಯ ತಾಣಕ್ಕೆ ನೇರವಾಗಿ ಬಿದ್ದರೆ ಹೀಗೂ ಕಾಣುವುದುಂಟೆಂದು ತಿಳಿಸಿ, “ಬಂದದ್ದು ಒಳ್ಳೆಯದೇ ಆಯಿತು” ಎಂದು ಕಳಿಸಿದರು. ಆ ಸಂಜೆ ಅವರ ಮನೆಯಿಂದ ನಮಗೆ ಒಂದು ಬಟ್ಟಲು ಗೋಧಿ ಹುಗ್ಗಿ ಬಂತು. ಅರ್ಧ ದಿನದ ರಜೆ ವ್ಯರ್ಥವಾಯಿತೆಂದು ಯಾರೂ ಅನ್ನಲಿಲ್ಲ.

ಆದುದರಿಂದ ಗಾಬರಿಯೂ ಬೇಡ, ಉದಾಸೀನವೂ ಬೇಡ. ಬಿಳಿಯ ಹೊಳಪು ಒಮ್ಮೆ ಕಂಡರೂ ತೋರಿಸುವುದರಲ್ಲಿ ನಷ್ಟವಿಲ್ಲ. ಅದೇ ಕಣ್ಣಿನಲ್ಲಿ ಮತ್ತೆ ಮತ್ತೆ ಕಂಡರೆ ಒಂದು ದಿನವೂ ತಡಮಾಡಕೂಡದು. ಮಗುವಿಗೆ ಮೆಳ್ಳೆಗಣ್ಣು ಕಾಣಿಸಿಕೊಂಡರೂ ಹಾಗೆಯೇ. ಮನೆತನದಲ್ಲಿ ಯಾರಿಗಾದರೂ ಬಾಲ್ಯದಲ್ಲಿ ಈ ರೋಗ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಕಣ್ಣಿನ ಕೆಂಪನ್ನು ತಾನಾಗಿ ಅಳಿಸುವ ವ್ಯವಸ್ಥೆ ಕ್ಯಾಮರಾಗಳಲ್ಲಿ ಇರುತ್ತದೆ. ಅದು ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಮಕ್ಕಳ ಕೆಲವು ಚಿತ್ರಗಳನ್ನಾದರೂ ಅದನ್ನು ಆರಿಸಿ, ಬೇರೆ ಬೇರೆ ಕೋನದಿಂದ ತೆಗೆಯಿರಿ. ಇನ್ನೊಂದು ಎಚ್ಚರಿಕೆ: ಎರಡೂ ಕಣ್ಣು ಕೆಂಪಗೆ ಬಂದವೆಂದು ಫೋಟೋವನ್ನೇ ವೈದ್ಯರ ಸರ್ಟಿಫಿಕೇಟೆಂದು ಭಾವಿಸಬಾರದು. ಫ್ಲ್ಯಾಶಿನಿಂದ ಹಸುಗೂಸಿನ ಕಣ್ಣು ಕೆಡುವುದೆಂಬ ಹಿರಿಯರ ಭಯಕ್ಕೆ ಮಾತ್ರ ಆಧಾರವಿಲ್ಲ. ವಾಡಿಕೆಯ ದೂರದಿಂದ ಹೊಡೆದ ಸಾಮಾನ್ಯ ಫ್ಲ್ಯಾಶ್ ಹಾನಿ ಮಾಡದೆಂದು ನೇತ್ರವೈದ್ಯರು ಹೇಳುತ್ತಾರೆ. ನಿದ್ದೆಗೆಟ್ಟ ಕೂಸು ಅತ್ತರೆ ಅದು ಬೇರೆ ವಿಷಯ.

ಒಟ್ಟಿನಲ್ಲಿ ನಾವು ಹೇಳುವುದು ಇಷ್ಟು. ಚೆಲುವು ಬೇಕಾದಲ್ಲಿ ಫ್ಲ್ಯಾಶನ್ನು ಗೋಡೆಗೆ ತಿರುಗಿಸಿರಿ, ಇಲ್ಲವೆ ಆರಿಸಿರಿ. ಸಾಕ್ಷಿ ಬೇಕಾದಲ್ಲಿ ಎದುರಿಗೇ ಹಿಡಿಯಿರಿ. ತೆಗೆದ ಚಿತ್ರವನ್ನು ಊರಿಗೆ ಕಳುಹಿಸುವ ಮೊದಲು ಬಟ್ಟೆಬರೆ, ಒಡವೆಗಳನ್ನು ನೋಡುವಂತೆಯೇ ಮಕ್ಕಳ ಕಣ್ಣುಗಳನ್ನೂ ಒಂದು ಗಳಿಗೆ ದೊಡ್ಡದು ಮಾಡಿ ನೋಡಿರಿ. ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ, ಮನೆಯ ಚಿಕ್ಕ ಮಕ್ಕಳ ಹಳೆಯ ಫೋಟೋಗಳನ್ನು ಇಂದೇ ಒಮ್ಮೆ ತೆರೆದು ನೋಡಿದರೆ ಇನ್ನೂ ಒಳ್ಳೆಯದು. ಅದಕ್ಕೆ ಖರ್ಚಿಲ್ಲ, ಅರ್ಜಿಯಿಲ್ಲ, ಯಾರ ಮಂಜೂರಾತಿಯೂ ಬೇಕಿಲ್ಲ.